ಮಗಳಿಗೊಂದು ಪತ್ರ: ಉಳಿತಾಯದ ಅಂಕಿ ಬರೆಯುವ ಮುಂಚೆ

ಚಿ. ಮೇಘನಾಳಿಗೆ ಅಮ್ಮನ ಆಶೀರ್ವಾದಗಳು.

ಉಭಯ ಕುಶಲೋಪರಿಯೆಲ್ಲ ಫೋನಿನಲ್ಲೇ ಮುಗಿದುಹೋಗುತ್ತದೆ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಸೋಮವಾರದಿಂದ ನೀನು ವಾಷಿಂಗ್ಟನ್‌ನಲ್ಲಿ ರಿಪಬ್ಲಿಕನ್ ಸಂಸದರೊಬ್ಬರ ಕಚೇರಿಯಲ್ಲಿ ಬಜೆಟ್ ನೋಡಿಕೊಳ್ಳುವವಳು. ನಿಮ್ಮಪ್ಪ ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಗಿದೆ. ನಾನು ಯಾರಿಗೂ ಹೇಳಿಲ್ಲ, ಆದರೆ ಹಿಗ್ಗೇನೂ ಕಡಿಮೆಯಿಲ್ಲ. ನೀನು ಹೊರಡುವ ಹಿಂದಿನ ರಾತ್ರಿ ಆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನಾನು ದನಿ ಏರಿಸಿದ್ದು ನಿನ್ನ ಮೇಲಲ್ಲ, ನೀನು ಅಷ್ಟು ಸಲೀಸಾಗಿ ಉದುರಿಸಿದ ಆ ಅಂಕಿಯ ಮೇಲೆ. "ಸರ್ಕಾರದ ಖರ್ಚಿನಲ್ಲಿ ಮೂರನೇ ಒಂದು ಪಾಲು ಪೋಲು, ಒಂದೇ ವರ್ಷದಲ್ಲಿ ಕತ್ತರಿಸಬಹುದು" ಅಂದೆಯಲ್ಲ, ಅದು.

ಪೋಲಾಗುತ್ತಿದೆ ಎನ್ನುವುದರಲ್ಲಿ ನಿನಗೂ ನನಗೂ ಜಗಳವಿಲ್ಲ. 2024ರ ಹಣಕಾಸು ವರ್ಷದಲ್ಲಿ ಫೆಡರಲ್ ಸರ್ಕಾರ ಖರ್ಚು ಮಾಡಿದ್ದು ಸುಮಾರು 6.75 ಟ್ರಿಲಿಯನ್ ಡಾಲರ್, ಬಂದ ವರಮಾನ 4.9 ಟ್ರಿಲಿಯನ್. ಬಡ್ಡಿಗೇ 880 ಬಿಲಿಯನ್ ಹೋಯಿತು, ಸೈನ್ಯಕ್ಕಿಂತ ಹೆಚ್ಚು. ಇದನ್ನು ನೋಡಿ ಹೊಟ್ಟೆ ಉರಿಯದವರು ಕನ್ಸರ್ವೇಟಿವ್ ಅಂತ ಹೇಳಿಕೊಳ್ಳಬಾರದು. ಆದರೆ ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ, ವಯಸ್ಸಾದವರ ಆರೋಗ್ಯ ವಿಮೆ ಮೆಡಿಕೇರ್, ಬಡವರ ಆರೋಗ್ಯ ವಿಮೆ ಮೆಡಿಕೇಡ್, ಬಡ್ಡಿ, ರಕ್ಷಣೆ, ಇಷ್ಟನ್ನು ಪಕ್ಕಕ್ಕಿಟ್ಟು ನೋಡು. ಉಳಿಯುವುದೇ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನಿನ್ನ ಮಾತು ನಿಜವಾಗಬೇಕಾದರೆ ಮಾಜಿ ಸೈನಿಕರ ಆಸ್ಪತ್ರೆ, ಹೆದ್ದಾರಿ, ಕೋರ್ಟು, ಗಡಿ ಕಾವಲು, ಅಷ್ಟೂ ಪೋಲೇ ಆಗಿರಬೇಕು. ನೌಕರರನ್ನು ಮನೆಗೆ ಕಳಿಸಿದರೆ ಆಯಿತು ಅನ್ನುತ್ತೀಯ. ಮಿಲಿಟರಿಯೇತರ ನೌಕರರ ಸಂಬಳವೆಲ್ಲ ಕೂಡಿಸಿದರೂ ಖರ್ಚಿನ ಶೇ. 5ರ ಆಸುಪಾಸು, ಅಷ್ಟೇ.

ಈಗ ಸುತ್ತಿಗೆಯ ವಿಷಯ. ಮುಖ ಸಿಂಡರಿಸಬೇಡ, ಓದು.

1983ರಲ್ಲಿ ನೌಕಾಪಡೆ 435 ಡಾಲರ್ ಕೊಟ್ಟು ಒಂದು ಸುತ್ತಿಗೆ ಕೊಂಡಿತು ಅಂತ ದೇಶವೆಲ್ಲ ನಕ್ಕಿತು. ಆ ಬಿಲ್ಲಿನಲ್ಲಿ ಇದ್ದದ್ದು ಇಷ್ಟು: ಬಿಡಿಭಾಗಗಳ ಉದ್ದದ ಪಟ್ಟಿಯನ್ನು ಒಂದೇ ಆರ್ಡರಿನಲ್ಲಿ ಕೊಂಡಿದ್ದರು. ಕಂಪನಿ ತನ್ನ ಎಂಜಿನಿಯರಿಂಗ್ ಮತ್ತು ಓವರ್‌ಹೆಡ್ (ಆಡಳಿತದಂಥ ಸಾಮಾನ್ಯ) ಖರ್ಚನ್ನು ವಸ್ತುವಿನ ಬೆಲೆ ನೋಡಿ ಹಂಚಲಿಲ್ಲ, ಪಟ್ಟಿಯ ಪ್ರತಿ ಸಾಲಿಗೂ ಸಮಸಮ ಹಂಚಿತು. ಸುತ್ತಿಗೆಯ ಬೆಲೆ 15 ಡಾಲರ್, ಅದರ ಪಾಲಿಗೆ ಬಂದ ಓವರ್‌ಹೆಡ್ 420. ಅದೇ ಪಟ್ಟಿಯಲ್ಲಿದ್ದ ದುಬಾರಿ ಯಂತ್ರಭಾಗದ ಮೇಲೂ ಅದೇ 420. ಹಂಚಿಕೆ ಹೇಗೆ ಮಾಡಿದ್ದರೂ ಬಿಲ್ಲಿನ ಒಟ್ಟು ಮೊತ್ತ ಒಂದು ಸೆಂಟೂ ಬದಲಾಗುತ್ತಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ ಇದ್ದವು. ಆ ಓವರ್‌ಹೆಡ್ ಒಟ್ಟಿನಲ್ಲಿ ನ್ಯಾಯವಾದದ್ದೇ? ಇನ್ನೊಬ್ಬ ಮಾರಾಟಗಾರನಿಂದ ಯಾಕೆ ಕೊಟೇಶನ್ ತರಿಸಲಿಲ್ಲ? ಆ ಕಾಲದ ಗದ್ದಲದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು 1984ರಲ್ಲಿ ಖರೀದಿಗೆ ಮುಕ್ತ ಪೈಪೋಟಿ ಕಡ್ಡಾಯ ಮಾಡಿದ ಕಾಯ್ದೆ. ಅದರ ಹೆಸರು ಯಾರಿಗೂ ನೆನಪಿಲ್ಲ, ಸುತ್ತಿಗೆ ಮಾತ್ರ ಎಲ್ಲರಿಗೂ ನೆನಪಿದೆ. ನಿನ್ನ ಕೈಗೂ ಒಂದು ದಿನ ಇಂಥ ಸುತ್ತಿಗೆ ಬರುತ್ತದೆ. ಪತ್ರಿಕೆಯವರು ಕಾಯುತ್ತಿರುತ್ತಾರೆ, ಸಂಸದರು ಐದು ನಿಮಿಷದಲ್ಲಿ ಮಾತಾಡಬೇಕಾಗಿರುತ್ತದೆ, ಅಂಕಿ ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ನನ್ನ ಭಯವೆಲ್ಲ ಆ ಐದು ನಿಮಿಷದ್ದು.

2025ರ ಫೆಬ್ರುವರಿ ನೆನಪಿಸಿಕೋ. ಸರ್ಕಾರದ ಖರ್ಚು ಕತ್ತರಿಸಲು ಟ್ರಂಪ್ ಕಟ್ಟಿದ ಡೋಜ್ ತಂಡ ಉಳಿತಾಯದ ಪಟ್ಟಿ ಹಾಕಿತು. ಅದರಲ್ಲಿ ಅತಿ ದೊಡ್ಡ ಸಾಲು ವಲಸೆ ಇಲಾಖೆಯ 8 ಬಿಲಿಯನ್ ಡಾಲರಿನ ಒಂದು ಕಾಂಟ್ರ್ಯಾಕ್ಟು. ನಿಜವಾದ ಮೊತ್ತ 8 ಮಿಲಿಯನ್. ಅದರಲ್ಲೂ 2.5 ಮಿಲಿಯನ್ ಆಗಲೇ ಖರ್ಚಾಗಿತ್ತು. ಖರೀದಿ ದತ್ತಾಂಶದಲ್ಲಿ ಮೊದಲು ಯಾರೋ ತಪ್ಪು ಹೊಡೆದಿದ್ದರು, ಆಮೇಲೆ ತಿದ್ದಿಯೂ ಇದ್ದರು. ಪಟ್ಟಿ ಮಾಡಿದವರು ತಿದ್ದಿದ್ದನ್ನು ನೋಡಲಿಲ್ಲ. ಆ ಪಟ್ಟಿಯಲ್ಲಿ ಸರಿಯಾಗಿದ್ದ ಸಾಲುಗಳೂ ಇದ್ದವು, ಆಮೇಲೆ ಅವನ್ನು ಯಾರು ನಂಬಿದರು? ವಿರೋಧಿಗಳಿಗೆ ನಾವೇ ಕೈಯಾರೆ ಕೊಟ್ಟ ಆಯುಧ ಅದು. 150 ವರ್ಷದವರಿಗೆ ಸೋಷಿಯಲ್ ಸೆಕ್ಯುರಿಟಿ ಹೋಗುತ್ತಿದೆ ಎಂಬ ಮಾತೂ ಅದೇ ಜಾತಿಯದು. 1920 ಅಥವಾ ಅದಕ್ಕೂ ಮುಂಚೆ ಹುಟ್ಟಿ, ಸಾವಿನ ದಾಖಲೆಯಿಲ್ಲದವರ 1.89 ಕೋಟಿ ಸೋಷಿಯಲ್ ಸೆಕ್ಯುರಿಟಿ ನಂಬರುಗಳಿವೆ ಅಂತ ಆ ಇಲಾಖೆಯ ಒಳತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ 2023ರಲ್ಲೇ ಬರೆದಿದ್ದರು. ಅವರಲ್ಲಿ ಹಣ ಪಡೆಯುತ್ತಿದ್ದವರು ಸುಮಾರು 44,000. ನೂರು ದಾಟಿ ಬದುಕಿರುವವರು ಈ ದೇಶದಲ್ಲಿ ಅಷ್ಟು ಜನ ಇದ್ದೇ ಇದ್ದಾರೆ. ದಾಖಲೆ ಕೊಳಕಾಗಿದೆ ಎನ್ನುವುದು ಬೇರೆ, ದುಡ್ಡು ಸೋರುತ್ತಿದೆ ಎನ್ನುವುದು ಬೇರೆ.

ಆದ್ದರಿಂದ ಒಂದು ಕಾಂಟ್ರ್ಯಾಕ್ಟು ರದ್ದಾಗಿ "ಇಷ್ಟು ಉಳಿಯಿತು" ಅಂತ ಯಾರಾದರೂ ಚೀಟಿ ತಂದುಕೊಟ್ಟರೆ, ಮೊದಲು ಸರ್ಕಾರಿ ಖರ್ಚು ತೋರಿಸುವ ಯುಎಸ್ಎ ಸ್ಪೆಂಡಿಂಗ್ ತಾಣದಲ್ಲಿ ಆ ಕಾಂಟ್ರ್ಯಾಕ್ಟಿನ ಅವಾರ್ಡ್ ನಂಬರ್ ಹಾಕಿ ಪುಟ ತೆಗೆ. ಅಲ್ಲಿ ಬೇರೆ ಬೇರೆ ಮೊತ್ತ ಕಾಣುತ್ತದೆ. ಸೀಲಿಂಗ್ ಎಂದರೆ ಎಲ್ಲ ಆಪ್ಷನ್ ವರ್ಷಗಳೂ ಸೇರಿ ಗರಿಷ್ಠ ಎಷ್ಟರ ತನಕ ಹೋಗಬಹುದು ಎನ್ನುವುದು. ಆಬ್ಲಿಗೇಟ್ ಆದದ್ದು ಸರ್ಕಾರ ಕೊಡುತ್ತೇನೆಂದು ಕಾನೂನು ಪ್ರಕಾರ ಕಟ್ಟುಬಿದ್ದ ಹಣ. ಔಟ್‌ಲೇ ಅಂದರೆ ಖಜಾನೆಯಿಂದ ಹೊರಗೆ ಹೋಗಿಯೇ ಬಿಟ್ಟದ್ದು. ಹತ್ತು ಸಾವಿರ ಡಾಲರ್ ಲಿಮಿಟ್ಟಿನ ಕ್ರೆಡಿಟ್ ಕಾರ್ಡನ್ನು ಕತ್ತರಿಸಿದರೆ ಹತ್ತು ಸಾವಿರ ಉಳಿಸಿದ ಹಾಗಾಯಿತೇ? ಉಳಿಯಬಹುದಾದದ್ದು ಹೆಚ್ಚೆಂದರೆ ಆಬ್ಲಿಗೇಟ್ ಆಗಿ ಇನ್ನೂ ಹೊರಗೆ ಹೋಗದ ಹಣ. ಅದರಲ್ಲೂ ಸರ್ಕಾರ ತನ್ನ ಅನುಕೂಲಕ್ಕೆ ಕಾಂಟ್ರ್ಯಾಕ್ಟು ಮುರಿದರೆ ಆಗಿರುವ ಕೆಲಸದ ಬಾಕಿ, ಮುಚ್ಚುವ ಖರ್ಚು ಎರಡನ್ನೂ ಕೊಡಬೇಕು, ಅದನ್ನು ಕಳೆ. ಮಾಡಿಫಿಕೇಶನ್‌ಗಳ ಪಟ್ಟಿಯನ್ನು ಕೆಳಗಿನ ತನಕ ಓದು, ತಿದ್ದುಪಡಿಗಳು ಅಲ್ಲೇ ಅಡಗಿರುತ್ತವೆ.

ಇಷ್ಟಾದರೂ ಮುಗಿಯಲಿಲ್ಲ. ಕಾಂಟ್ರ್ಯಾಕ್ಟು ರದ್ದಾದ ಮಾತ್ರಕ್ಕೆ ಕೊರತೆ ಇಳಿಯುವುದಿಲ್ಲ. ಕಾಂಗ್ರೆಸ್ ಮಂಜೂರು ಮಾಡಿದ ಹಣ ಇಲಾಖೆಯ ಖಾತೆಯಲ್ಲೇ ಇರುತ್ತದೆ, ವರ್ಷ ಮುಗಿಯುವ ಮುಂಚೆ ಅವರು ಅದನ್ನು ಇನ್ನೊಂದಕ್ಕೆ ಬಳಸಬಹುದು. ಬಳಸದಿದ್ದರೆ ಅವಧಿ ಮುಗಿದ ಖಾತೆಯಲ್ಲಿ ಹಳೇ ಬಿಲ್ಲುಗಳಿಗಾಗಿ ಐದು ವರ್ಷ ಕೂತು, ಆಮೇಲೆ ರದ್ದಾಗುತ್ತದೆ. ಅದಕ್ಕೆ ಮುಂಚೆ ವಾಪಸ್ ಪಡೆಯಬೇಕಾದರೆ ಕಾಂಗ್ರೆಸ್ಸೇ ರಿಸಿಶನ್ ಮಸೂದೆ ಪಾಸು ಮಾಡಬೇಕು.

ನೀನು ಕೇಳಲೇ ಇಲ್ಲ, ಆದರೂ ಹೇಳುತ್ತೇನೆ. 1974ರ ಕಾಯ್ದೆಯಂತೆ ಅಧ್ಯಕ್ಷರು ರಿಸಿಶನ್ ಪ್ರಸ್ತಾಪ ಕಳಿಸಿ 45 ದಿನ ಹಣ ತಡೆಹಿಡಿಯಬಹುದು, ಅಷ್ಟರಲ್ಲಿ ಎರಡೂ ಸದನ ಒಪ್ಪದಿದ್ದರೆ ಬಿಡುಗಡೆ ಮಾಡಬೇಕು. 2025ರ ಜುಲೈನಲ್ಲಿ ಹೀಗೇ 9 ಬಿಲಿಯನ್ ವಾಪಸ್ ಬಂತು. ಅದರಲ್ಲಿ 1.1 ಬಿಲಿಯನ್ ಸಾರ್ವಜನಿಕ ಪ್ರಸಾರ ನಿಗಮದ ಎರಡು ವರ್ಷದ ಹಣ. ತೆರಿಗೆ ದುಡ್ಡಿನಲ್ಲಿ ಸರ್ಕಾರ ರೇಡಿಯೋ, ಟೀವಿ ಸಾಕಬಾರದು ಎಂಬ ನಮ್ಮವರ ದಶಕಗಳ ವಾದ ಓಟಿಗೆ ಬಂದು ಗೆದ್ದಿತು. ಅಲಾಸ್ಕಾದಂಥ ಕಡೆ ಹಳ್ಳಿ ಸ್ಟೇಷನ್‌ಗಳು ಅದೇ ದುಡ್ಡಿನಲ್ಲಿ ನಡೆಯುತ್ತಿದ್ದವು ಅಂತ ನಮ್ಮ ಪಕ್ಷದ ಸೆನೆಟರೇ ವಿರೋಧಿಸಿದರು, ಆ ಮಾತಿನಲ್ಲಿ ತೂಕವಿತ್ತು. ಆದರೂ ದಾರಿ ಸರಿ. ಅದೇ ಆಗಸ್ಟ್ ಕೊನೆಯಲ್ಲಿ 4.9 ಬಿಲಿಯನ್ನಿನ ಇನ್ನೊಂದು ಪ್ರಸ್ತಾಪ ಹೋಯಿತು. 45 ದಿನ ಮುಗಿಯುವಷ್ಟರಲ್ಲಿ ಸೆಪ್ಟೆಂಬರ್ 30 ದಾಟಿ ಹಣ ತಾನಾಗಿ ಸಾಯಲಿ ಎನ್ನುವ ಲೆಕ್ಕ. ಇದು ನನಗೆ ಒಗ್ಗುವುದಿಲ್ಲ. ನಾಳೆ ಡೆಮಾಕ್ರಟಿಕ್ ಅಧ್ಯಕ್ಷರು ಬಂದು ಗಡಿ ಕಾವಲಿನ ಹಣಕ್ಕೆ ಇದೇ ಕೈಚಳಕ ಮಾಡಿದರೆ ನಾವು ಯಾವ ಬಾಯಲ್ಲಿ ಸಂವಿಧಾನ ಅನ್ನುವುದು?

ಹಾಗಾದರೆ ನಿಜವಾದ ಪೋಲು ಎಲ್ಲಿ ಅಂತ ಕೇಳುತ್ತೀಯ. ನಮ್ಮೂರ ಕಡೆ ಮಾರ್ಚ್ ಕೊನೆ ಇದ್ದ ಹಾಗೆ ಇಲ್ಲಿ ಸೆಪ್ಟೆಂಬರ್ ಕೊನೆ. ಉಳಿಸಿದರೆ ಮುಂದಿನ ವರ್ಷ ಕಡಿತ, ಅದಕ್ಕೆ ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ. ಕೊನೆಯ ವಾರದ ಖರೀದಿ ಮಾಮೂಲಿ ವಾರದ ಸುಮಾರು ಐದು ಪಟ್ಟು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆ ವಾರ ಕೊಂಡ ಐಟಿ ಪ್ರಾಜೆಕ್ಟುಗಳ ಗುಣಮಟ್ಟವೂ ಕಡಿಮೆ. ನ್ಯಾಯ ಇಲಾಖೆಗೆ ಉಳಿದ ಹಣ ಮುಂದಿನ ವರ್ಷಕ್ಕೆ ಒಯ್ಯುವ ವಿಶೇಷ ಅನುಮತಿ ಇದೆ, ಅಲ್ಲಿ ಐಟಿ ಖರೀದಿಯ ಈ ನೂಕುನುಗ್ಗಲು ಬಹಳ ಕಡಿಮೆ ಇತ್ತು. ನಿಮ್ಮ ಸಂಸದರು ಮಂಡಿಸಬೇಕಾದ ಮಸೂದೆ ಅಂಥದು. ಹೆಡ್‌ಲೈನ್ ಆಗುವುದಿಲ್ಲ, ಕೆಲಸ ಆಗುತ್ತದೆ.

ಇನ್ನೊಂದು ಮೆಡಿಕೇಡ್‌ನ ಪ್ರೊವೈಡರ್ ಟ್ಯಾಕ್ಸ್. ಮೆಡಿಕೇಡ್ ಖರ್ಚನ್ನು ವಾಷಿಂಗ್ಟನ್ನೂ ರಾಜ್ಯವೂ ಹಂಚಿಕೊಳ್ಳುತ್ತವೆ, ಫೆಡರಲ್ ಪಾಲು ಶೇ. 60 ಇರುವ ರಾಜ್ಯ ಅಂದುಕೋ. ರಾಜ್ಯ ಸರ್ಕಾರ ಆಸ್ಪತ್ರೆಗಳಿಂದ 40 ಡಾಲರ್ ತೆರಿಗೆ ಎತ್ತುತ್ತದೆ. ಅದೇ ಆಸ್ಪತ್ರೆಗಳಿಗೆ ಮೆಡಿಕೇಡ್ ಲೆಕ್ಕದಲ್ಲಿ 100 ಕೊಡುತ್ತದೆ. ವಾಷಿಂಗ್ಟನ್ 60 ತುಂಬಿಕೊಡುತ್ತದೆ. ಆಸ್ಪತ್ರೆಗೆ 60 ಲಾಭ, ರಾಜ್ಯದ ಜೇಬಿನಿಂದ ಒಂದು ಬಿಡಿಗಾಸೂ ಹೋಗಲಿಲ್ಲ. ಅಲಾಸ್ಕಾ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳೂ ಇಂಥ ತೆರಿಗೆ ಇಟ್ಟುಕೊಂಡಿವೆ. ನಮ್ಮ ಒಹಾಯೋ ಕೂಡ, ರಿಪಬ್ಲಿಕನ್ ಕೆಂಪು, ಡೆಮಾಕ್ರಟಿಕ್ ನೀಲಿ ಎಂಬ ಭೇದವಿಲ್ಲ. 2025ರ ಕಾನೂನು ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಈ ತೆರಿಗೆಯ ಮಿತಿಯನ್ನು ಆಸ್ಪತ್ರೆಯ ವರಮಾನದ ಶೇ. 6ರಿಂದ 2032ರ ಹೊತ್ತಿಗೆ ಶೇ. 3.5ಕ್ಕೆ ಇಳಿಸುತ್ತದೆ. ನಿಮ್ಮ ಕಚೇರಿಗೆ ಇದರ ವಿರುದ್ಧ ಮೊದಲು ಬರುವವರು ಯಾರು ಗೊತ್ತೇ? ನಿಮ್ಮದೇ ಜಿಲ್ಲೆಯ, ನಿಮ್ಮದೇ ಪಕ್ಷದ, ಹಳ್ಳಿ ಆಸ್ಪತ್ರೆಯ ಆಡಳಿತ ಮಂಡಳಿಯವರು. ಅವರಿಗೆ ಕಾಫಿ ಕೊಟ್ಟು ಕೂರಿಸಿ ಅವರ ಬ್ಯಾಲೆನ್ಸ್ ಶೀಟ್ ಕೇಳು. ಕೆಲವರದ್ದು ನಿಜವಾದ ಸಂಕಟ.

ಕಾಂಗ್ರೆಸ್ಸಿನ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ ಹೇಳುವ "ಅಸಮರ್ಪಕ ಪಾವತಿ" 2024ರಲ್ಲಿ 162 ಬಿಲಿಯನ್. ಮೆಡಿಕೇರ್‌ನದೇ 54, ಮೆಡಿಕೇಡ್‌ನದು 31. ಇದನ್ನು ಕಳ್ಳತನ ಅಂತ ಬರೆಯಬೇಡ, ದಮ್ಮಯ್ಯ. ಮೆಡಿಕೇಡ್ ಅಂಕಿಯಲ್ಲಿ ಮುಕ್ಕಾಲಿಗೂ ಹೆಚ್ಚು ಕಾಗದಪತ್ರ ಸಾಲದೆ ಹೋದ ಕೇಸುಗಳು. ಅವುಗಳಲ್ಲಿ ಕಳ್ಳರೂ ಇರಬಹುದು, ಸಹಿ ಹಾಕಲು ಮರೆತ ಡಾಕ್ಟರೂ ಇರಬಹುದು. ನೋಡು, ಮತ್ತೆ ಅಂಕಿಗೇ ಬಂದೆ.

ಸಂಸ್ಕೃತಿ ಬದಲಾಗುತ್ತಿದೆ, ಅದಕ್ಕೇ ಸರ್ಕಾರ ಊದಿಕೊಂಡಿದೆ ಅಂದೆಯಲ್ಲ, ಅದರಲ್ಲಿ ಹುರುಳಿದೆ. 1960ರಲ್ಲಿ ಮದುವೆಯಾಗದ ತಾಯಂದಿರಿಗೆ ಹುಟ್ಟುತ್ತಿದ್ದ ಮಕ್ಕಳು ಶೇ. 5ರಷ್ಟು, ಈಗ ಶೇ. 40ರ ಸುಮಾರು. ಚರ್ಚು, ಸಿನಗಾಗ್, ಮಸೀದಿಗಳ ಸದಸ್ಯರು 1999ರಲ್ಲಿ ಶೇ. 70 ಇದ್ದವರು 2020ಕ್ಕೆ ಶೇ. 47 ಅಂತ ಗ್ಯಾಲಪ್ ಹೇಳಿತು. ಮನೆ, ಚರ್ಚು, ನೆರೆಹೊರೆ ಬಿಟ್ಟ ಜಾಗಕ್ಕೆ ಸರ್ಕಾರ ಬಂತೋ, ಸರ್ಕಾರ ಬಂದಿದ್ದಕ್ಕೆ ಅವು ಜಾಗ ಬಿಟ್ಟವೋ, ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ ನನ್ನ ಅಂದಾಜು. ಭಾಷಣದಿಂದ ಇದು ತಿರುಗುವುದಿಲ್ಲ. ನಿನ್ನ ಕೈಯಲ್ಲಿರುವುದು ಸೂತ್ರಗಳು. ಕಡಿಮೆ ಸಂಬಳದ ಇಬ್ಬರು ಬೇರೆ ಬೇರೆ ಇದ್ದಾಗ ಸಿಗುವ ಆದಾಯ ತೆರಿಗೆ ಕ್ರೆಡಿಟ್ಟು, ಮದುವೆಯಾಗಿ ಇಬ್ಬರ ಆದಾಯ ಕೂಡಿಸಿದ ಕೂಡಲೇ ಕರಗಿಹೋಗಬಹುದು. ಕುಟುಂಬದ ಪರ ಅನ್ನುವವರು ಮೊದಲು ಆ ಕೋಷ್ಟಕ ತಿದ್ದಲಿ.

ಎಲ್ಲವನ್ನೂ ರಾಜ್ಯಕ್ಕೆ ಬಿಟ್ಟುಕೊಟ್ಟರೆ ಸರಿಹೋಗುತ್ತದೆ ಅನ್ನುವುದನ್ನೂ ಅನುಮಾನದಿಂದಲೇ ನೋಡು. 1996ರ ಕಲ್ಯಾಣ ಸುಧಾರಣೆ ನಮ್ಮವರ ದೊಡ್ಡ ಗೆಲುವು. ನೆರವು ಪಡೆಯುವ ಕುಟುಂಬಗಳು ಅರ್ಧಕ್ಕೂ ಕೆಳಗಿಳಿದವು, ರಾಜ್ಯಗಳಿಗೆ ವರ್ಷಕ್ಕೆ 16.5 ಬಿಲಿಯನ್ ಇಡಿಗಂಟು ಸಿಕ್ಕಿತು. ಅದೇ ಇಡಿಗಂಟಿನಿಂದ ಮಿಸಿಸಿಪ್ಪಿಯಲ್ಲಿ 77 ಮಿಲಿಯನ್‌ಗೂ ಹೆಚ್ಚು ದಾರಿತಪ್ಪಿತು. ಬಡ ತಾಯಂದಿರ ಹೆಸರಿನ ಹಣದಲ್ಲಿ 5 ಮಿಲಿಯನ್ ಯೂನಿವರ್ಸಿಟಿಯ ವಾಲಿಬಾಲ್ ಅಂಗಣಕ್ಕೆ ಹೋಯಿತು. ಹಿಡಿದದ್ದು ಆ ರಾಜ್ಯದ ರಿಪಬ್ಲಿಕನ್ ಆಡಿಟರ್. 2025ರ ಜನವರಿಯಲ್ಲಿ ಟ್ರಂಪ್, ಇಂಥದೇ ಕಾವಲು ಕಾಯುವ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಂದೇ ರಾತ್ರಿ ತೆಗೆದುಹಾಕಿದಾಗ ನಾನು ಯಾಕೆ ಅಷ್ಟು ಕೂಗಾಡಿದೆ ಅಂತ ಈಗ ಅರ್ಥವಾಗಬೇಕು.

ಉದ್ದವಾಯಿತು. ನೀನು ನನಗಿಂತ ಜಾಣೆ, ಬರೆಯುವುದೂ ಚೆನ್ನಾಗಿ ಬರೆಯುತ್ತೀಯ, ಅದೇ ಹೆದರಿಕೆ. ಚೆನ್ನಾಗಿ ಬರೆದ ತಪ್ಪು ಅಂಕಿಯನ್ನು ಎಷ್ಟು ತಿದ್ದಿದರೂ ಜನ ಮರೆಯುವುದಿಲ್ಲ. ಮೊದಲ ಮೆಮೋ ಕಳಿಸುವ ಮುಂಚೆ ಒಂದು ವರ್ಷದ ಲೆಕ್ಕವೋ ಹತ್ತು ವರ್ಷದ್ದೋ ಅಂತ ನೋಡು. ಕಾಂಗ್ರೆಸ್ಸಿನ ಬಜೆಟ್ ಕಚೇರಿ ಸಿಬಿಒ ಕೊಡುವ ಅಂಕಿಗಳು ಬಹುಪಾಲು ಹತ್ತು ವರ್ಷದವು, ಹೊಸಬರು ಅಲ್ಲೇ ಎಡವುತ್ತಾರೆ.

ಕೊನೆಯದಾಗಿ, 2025ರಲ್ಲಿ ಅಕ್ಟೋಬರ್ 1ರಿಂದ 43 ದಿನ ಹಣ ಮಂಜೂರಾಗದೆ ಸರ್ಕಾರ ಬಾಗಿಲು ಮುಚ್ಚಿತ್ತು, ಕಾಂಗ್ರೆಸ್ ಸಿಬ್ಬಂದಿಗೂ ಸಂಬಳ ಬರಲಿಲ್ಲ. ಬಾಕಿ ಆಮೇಲೆ ಬರುತ್ತದೆ, ಮನೆ ಓನರ್ ಕಾಯುವುದಿಲ್ಲ. ಎರಡು ತಿಂಗಳ ಬಾಡಿಗೆ ಬೇರೆ ಖಾತೆಯಲ್ಲಿಡು. ಸಾಲದಿದ್ದರೆ ಹೇಳು, ನಿಮ್ಮಪ್ಪನಿಗೆ ಹೇಳದೆ ಕಳಿಸುತ್ತೇನೆ. ಹೆಲ್ತ್ ಇನ್ಶೂರೆನ್ಸ್ ಆಯ್ಕೆ ಮಾಡಲು ಸೇರಿದ ದಿನದಿಂದ 60 ದಿನ ಮಾತ್ರ ಸಮಯವಿರುತ್ತದೆ, ಫಾರಂ ಮೊದಲ ವಾರವೇ ತುಂಬು.

ಇಂತಿ ನಿನ್ನ
ಅಮ್ಮ