ಮಿಲ್ಲಿನ ಗೋಡೆ ಬೀಳುವ ಮೊದಲು: ಗೆಳೆಯನಿಗೊಂದು ಪತ್ರ

ಬಳ್ಳಾರಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಮಿಲ್ಲಿನ ಜಾಗದಲ್ಲಿ ಏನೋ ದೊಡ್ಡದು ಬರ್ತದಂತೆ, ಓಣಿ ಮಂದಿ ಏನಂತಾರೆ ಅಂತ. ಆಗ ಬಸ್ಸಿನ ಗದ್ದಲದಲ್ಲಿ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ನಿನ್ನ ಹಾಗೆ ಮನೆ ಇಲ್ಲಿಟ್ಟು ಬದುಕು ಬೇರೆ ಊರಲ್ಲಿ ಕಟ್ಟಿಕೊಂಡವರು ನಮ್ಮ ಓಣಿಯಲ್ಲೇ ಬಹಳ ಜನ ಇದ್ದಾರೆ. ಅವರೂ ಓದಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಸುದ್ದಿ ನಿಜ. ಹಳೇ ಕಾಟನ್ ಮಿಲ್ಲಿನ ಜಾಗ ಪೂರ್ತಿ ಕೈ ಬದಲಾಗಿದೆ. ಕೆಳಗೆ ಎರಡು ಅಂತಸ್ತು ಅಂಗಡಿ, ಆಫೀಸು, ಸಿನಿಮಾ ಹಾಲು. ಅದರ ಮೇಲೆ ಸಾಲಾಗಿ ಅಪಾರ್ಟ್‌ಮೆಂಟ್ ಬ್ಲಾಕುಗಳು. ಇನ್ನೂರು ಮನೆ ಅಂತ ಅವರು ಹಂಚಿದ ಕಾಗದದಲ್ಲಿದೆ. ಊರ ಹೊರಗಿನ ಲೇಔಟ್‌ಗಳಲ್ಲಿ ಇಂಥದ್ದು ಬಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಊರ ನಟ್ಟನಡುವೆ. ಬ್ರೂಸ್‌ಪೇಟೆಯಿಂದ ನಡೆದುಕೊಂಡು ಬರುವಷ್ಟು ಹತ್ತಿರ.

ಶಾಲೆಯ ಹಾಲ್‌ನಲ್ಲಿ ಒಂದು ಸಭೆ ಆಯಿತು. ಬಿಲ್ಡರ್ ಕಡೆಯವರು ಪರದೆ ಕಟ್ಟಿ ವಿಡಿಯೊ ತೋರಿಸಿದರು. ಗಾಜಿನ ಗೋಡೆ, ಕಾರಂಜಿ, ಹುಲ್ಲುಹಾಸು. ದೀಪ ಹಾಕಿದ ಕೂಡಲೇ ಎಲ್ಲರೂ ಒಟ್ಟಿಗೇ ಮಾತಾಡಲು ಶುರು ಮಾಡಿದರು. ರಿಟೈರ್ ಆದ ಮೇಷ್ಟ್ರು ಎದ್ದು ನಿಂತು, "ಇದು ಎದ್ದರೆ ನನ್ನ ಮಾಳಿಗೆಯಿಂದ ಗುಡ್ಡ ಕಾಣಂಗಿಲ್ಲ" ಅಂದರು. ಅವರ ದನಿ ನಡುಗುತ್ತಿತ್ತು. ನಮ್ಮೂರಲ್ಲಿ ಎಲ್ಲಿ ನಿಂತರೂ ಕಣ್ಣಿಗೆ ಬೀಳುವುದು ಆ ಒಂದೇ ಬಂಡೆ, ಅದರ ಮೇಲಿನ ಕೋಟೆ. ಅರವತ್ತು ವರ್ಷ ದಿನಾ ಬೆಳಿಗ್ಗೆ ನೋಡಿದವರಿಗೆ ಅದು ಇಲ್ಲದಿದ್ದರೆ ಹೇಗಾಗಬೇಡ?

ಎತ್ತರದ ಜಗಳ ಬಳ್ಳಾರಿಗೆ ಹಳೆಯದೇ. ಹೈದರ್ ಅಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಇಂಜಿನಿಯರ್‌ನ ಕಥೆ ನಮ್ಮಜ್ಜಂದಿರ ಬಾಯಲ್ಲಿ ಕೇಳಿದ್ದೇವಲ್ಲ. ಕೆಲಸ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರ ಅಂತ ಗೊತ್ತಾಯಿತಂತೆ, ಹೈದರ್ ಆ ಇಂಜಿನಿಯರ್‌ನನ್ನು ಗಲ್ಲಿಗೆ ಹಾಕಿಸಿದನಂತೆ. ಆ ಸಭೆಯಲ್ಲೂ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಎತ್ತರದ ಮಾತಿಗೇ. ಎಷ್ಟು ಮಹಡಿ, ಎಷ್ಟು ಮೀಟರ್, ಯಾರ ಮನೆ ಮೇಲೆ ನೆರಳು. ಮೇಷ್ಟ್ರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಚಿಂತೆ ಇರುವುದು ಮೇಲಿನ ಮಹಡಿಗಳಲ್ಲಿ ಅಲ್ಲ, ನೆಲದ ಮಟ್ಟದಲ್ಲಿ.

ಅದಕ್ಕೆ ಬರುವ ಮೊದಲು ಇನ್ನೊಬ್ಬರ ಮಾತು ಹೇಳಬೇಕು. ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು, ಆಸ್ಪತ್ರೆಯಲ್ಲಿ ನರ್ಸು. "ನೀವೆಲ್ಲಾ ಬೇಡ ಬೇಡ ಅಂತೀರಿ. ನಮ್ಮ ಮನೇಲಿ ಒಂಬತ್ತು ಜನಕ್ಕೆ ಒಂದೇ ಬಚ್ಚಲು. ಹೊರಗಿನ ಲೇಔಟ್‌ನಾಗ ಮನೆ ಮಾಡಿದ್ರ ರಾತ್ರಿ ಡ್ಯೂಟಿ ಮುಗಿಸಿ ನಾ ಹೆಂಗ್ ಬರ್ಲಿ?" ಅಂದಳು. ಯಾರೂ ಉತ್ತರ ಕೊಡಲಿಲ್ಲ. ಅವಳು ಕೇಳಿದ್ದರಲ್ಲಿ ಯಾವ ತಪ್ಪೂ ಇಲ್ಲ ಗೆಳೆಯಾ. ನಮ್ಮ ಓಣಿಗಳಲ್ಲಿ ಹಂಚಿಕೊಂಡು ಹಂಚಿಕೊಂಡು ಒಂದೊಂದು ಮನೆ ನಾಲ್ಕು ಪಾಲಾಗಿದೆ. ಊರು ಹೊರಗಡೆಗೇ ಹರಡುತ್ತಾ ಹೋದರೆ ಗದ್ದೆ ಹೋಗುತ್ತದೆ, ಪೈಪು, ರಸ್ತೆ, ಬಸ್ಸು ಎಲ್ಲಾ ಅಲ್ಲಿಯವರೆಗೆ ಎಳೆಯಬೇಕಾಗುತ್ತದೆ. ಖಾಲಿ ಬಿದ್ದ ಮಿಲ್ಲಿನ ಜಾಗದಲ್ಲಿ ಮನೆ ಕಟ್ಟುವುದು ಸರಿಯಾದ ಕೆಲಸ. ಇದನ್ನು ಸಭೆಯಲ್ಲೂ ಹೇಳಿದೆ, ಕೆಲವರಿಗೆ ನನ್ನ ಮೇಲೆ ಬೇಜಾರಾಗಿದೆ.

ಮೇಲೆ ಮನೆ ಕೆಳಗೆ ಅಂಗಡಿ ಅನ್ನುವುದನ್ನು ಅವರು ಹೊಸ ಐಡಿಯಾ ಅಂತ ಹೇಳುತ್ತಿದ್ದಾರೆ. ಕಂಪನಿ ಕಾಲದ ಜಡ್ಜ್ ಒಬ್ಬನ ಹೆಸರು ಹೊತ್ತ ನಮ್ಮ ಬ್ರೂಸ್‌ಪೇಟೆ ಪೂರ್ತಿ ಹಾಗೇ ಇತ್ತಲ್ಲ! ನಿಮ್ಮ ಅಜ್ಜನ ಕಿರಾಣಿ ಅಂಗಡಿ ನೆನಪಿದೆಯಾ? ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ಹಲಗೆ ತೆಗೆದರೆ ಅಂಗಡಿಯೂ ಬೀದಿಯೂ ಒಂದೇ. ಕಟ್ಟೆ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು. ಹಿಂದೆ ಪಡಸಾಲೆ, ಮೇಲೆ ನಿಮ್ಮ ಕಾಕಂದಿರ ಕೋಣೆಗಳು. ರಾತ್ರಿ ಹತ್ತಕ್ಕೂ ಆ ಬೀದಿಯಲ್ಲಿ ಹೆಣ್ಣುಮಕ್ಕಳು ಭಯವಿಲ್ಲದೆ ಓಡಾಡುತ್ತಿದ್ದರು, ಯಾಕೆಂದರೆ ಪ್ರತಿ ಬಾಗಿಲಲ್ಲೂ ಒಂದು ಮುಖ ಇರುತ್ತಿತ್ತು.

ಹಾಗಾಗಿ ನಾನು ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಕೆಳಗಿನ ಅಂಗಡಿಗಳ ಬಾಗಿಲು ಯಾವ ಕಡೆಗೆ? "ಒಳಗಡೆಗೆ ಸರ್, ಪೂರ್ತಿ ಏಸಿ" ಅಂದರು. ಹಾಗಾದರೆ ಓಣಿ ಕಡೆಗೆ ಏನಿರುತ್ತದೆ? ಕಾಂಪೌಂಡ್, ಗೇಟು, ಕಾರು ಇಳಿಯುವ ದಾರಿ. ನಮ್ಮ ಕಡೆಗೆ ಉದ್ದಕ್ಕೂ ಗೋಡೆ.

ಈಗಲೂ ಅಲ್ಲಿ ಗೋಡೆ ಇದೆಯಲ್ಲ ಅಂತ ನೀನು ಕೇಳಬಹುದು. ಇದೆ. ಆ ಗೋಡೆಗೆ ಒರಗಿ ಏನೇನಿದೆ ಅನ್ನುವುದನ್ನು ನೀನು ಬಂದು ನೋಡಬೇಕು. ಮಧ್ಯಾಹ್ನ ಎರಡರ ಮೇಲೆ ಮಿಲ್ಲಿನ ಪೂರ್ವದ ಗೋಡೆ ಓಣಿಗೆ ನೆರಳು ಕೊಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಅಷ್ಟು ನೆರಳು ಅಂದರೆ ಏನು ಅಂತ ಬಳ್ಳಾರಿಯವನಿಗೆ ಹೇಳಬೇಕಾ? ಜೀನ್ಸ್ ಕೆಲಸದ ಹೆಣ್ಣುಮಕ್ಕಳು ಅಲ್ಲಿ ಹಳೇ ಸೀರೆ ಹಾಸಿ ಕೂರುತ್ತಾರೆ. ಹೊಲಿದು ಬಂದ ಪ್ಯಾಂಟುಗಳ ರಾಶಿ ಎಡಕ್ಕೆ, ದಾರ ಕತ್ತರಿಸಿದ್ದು ಬಲಕ್ಕೆ. ಸಣ್ಣ ಕಟರ್ ಹಿಡಿದು ಜೇಬಿನ ಒಳಗೆ, ಬೆಲ್ಟ್ ಪಟ್ಟಿಯ ಅಂಚಿಗೆ, ಕಾಲಿನ ತುದಿಗೆ ಉಳಿದ ದಾರ ಕತ್ತರಿಸುತ್ತಾರೆ. ಪೀಸಿಗಿಷ್ಟು ಅಂತ ಕೂಲಿ. ಸಂಜೆ ಹೊತ್ತಿಗೆ ಅವರ ಬೆರಳು, ಉಗುರು, ಸೀರೆ ಅಂಚು ಎಲ್ಲಾ ನೀಲಿ. ಮೂಲೆಯಲ್ಲಿ ಮಿರ್ಚಿ ಬಂಡಿ. ನಾಲ್ಕಕ್ಕೆ ಎಣ್ಣೆ ಕಾಯುತ್ತದೆ, ಪಕ್ಕದಲ್ಲಿ ಪಾತ್ರೆ ತುಂಬ ಮಂಡಕ್ಕಿ ಒಗ್ಗರಣೆ. ಅಲ್ಲಿಂದ ಮುಂದೆ ಹೂವಿನವ್ವ, ಸೈಕಲ್ ಪಂಕ್ಚರ್, ಇಸ್ತ್ರಿ ಅಂಗಡಿ. ಗೋಡೆ ಮಿಲ್ಲಿನದು, ಅಂಚು ಓಣಿಯದು. ಆ ಅಂಚಿನ ಮೇಲೆ ಎಷ್ಟೋ ಒಲೆ ಉರಿಯುತ್ತವೆ.

ಇವರ್‍ಯಾರೂ ಸಭೆಗೆ ಬಂದಿರಲಿಲ್ಲ. ಯಾರೂ ಕರೆದಿರಲಿಲ್ಲ. ಮಿರ್ಚಿ ಬಂಡಿ ಅಣ್ಣನನ್ನು ನಾನೇ ಹೋಗಿ ಕೇಳಿದೆ. "ನಮ್ದೇನೈತಿ ಸಾರ್, ಹೋಗಂದ್ರ ಹೋಗೋದು" ಅಂದು ಜಾರಾ ಎತ್ತಿ ಮಿರ್ಚಿ ತಿರುವಿ ಹಾಕಿದ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಬಾಡಿಗೆಯವರದ್ದು ಬೇರೆ ಗೋಳು. ಮಷಿನ್ ಇಟ್ಟುಕೊಂಡು ಒಂದೊಂದು ಕೋಣೆಯಲ್ಲಿ ಹೊಲಿಯುವವರು ನಮ್ಮಲ್ಲಿ ಎಷ್ಟಿದ್ದಾರೆ ಅಂತ ನಿನಗೆ ಗೊತ್ತು. ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ, ಆಗಲೇ ಇಬ್ಬರು ಮಾಲೀಕರು ಕೋಣೆ ಖಾಲಿ ಮಾಡಿ ಅಂದಿದ್ದಾರೆ. ಅದಿರಿನ ದುಡ್ಡು ಹರಿದಾಡಿದ ಕಾಲದಲ್ಲಿ ಹೀಗೇ ಆಗಿತ್ತು. ಬಾಡಿಗೆ ಸರ್ರನೆ ಏರಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ದುಡ್ಡು ಮಾಡಿಕೊಂಡವರು ಎದ್ದು ಹೋದರು. ಊರು ಬಿಟ್ಟು ಹೋದ ಬಾಡಿಗೆಯವರು ಮಾತ್ರ ವಾಪಸ್ ಬರಲೇ ಇಲ್ಲ.

ಇನ್ನು ನೀರು. ಇದೇ ಎಲ್ಲಕ್ಕಿಂತ ದೊಡ್ಡದು, ಇದರ ಬಗ್ಗೆಯೇ ಸಭೆಯಲ್ಲಿ ಎಲ್ಲಕ್ಕಿಂತ ಕಮ್ಮಿ ಮಾತು. ಒಂದು ಲೆಕ್ಕ ಹೇಳುತ್ತೇನೆ, ನೀನು ಇಂಜಿನಿಯರ್, ತಪ್ಪಿದ್ದರೆ ತಿದ್ದು. ಊರಿನ ನೀರು ಸರಬರಾಜಿಗೆ ಹಿಡಿಯುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಇನ್ನೂರು ಮನೆ, ಮನೆಗೆ ನಾಲ್ಕು ಜನ ಅಂದರೆ 800 ಜನ. ದಿನಕ್ಕೆ 1,08,000 ಲೀಟರ್ ಆಯಿತು. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಾ ಹದಿನೆಂಟು ಲೋಡು. ಸಿನಿಮಾ ಹಾಲು, ಹೋಟೆಲ್ಲು, ಏಸಿ ನೀರು ಇದರಲ್ಲಿ ಇಲ್ಲ. ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ವಾರ ದಾಟಿದ ಮೇಲೆ. ಕೊಡ, ಡ್ರಮ್ಮು, ಸಿಂಟೆಕ್ಸ್ ತುಂಬಿಸಲು ರಾತ್ರಿಯೆಲ್ಲಾ ಎದ್ದು ಕೂರುತ್ತೇವೆ.

ಆ ನೀರಾದರೂ ಎಲ್ಲಿಂದ? ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ ಕೆರೆಗೆ, ಅಲ್ಲಿಂದ ನಮಗೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಕೆರೆಯಲ್ಲಿ ತುಂಬಿಟ್ಟಿದ್ದೇ ಗತಿ. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ಇಡೀ ಊರು ನಿದ್ದೆ ಮಾಡಲಿಲ್ಲ. ಅಷ್ಟು ತೆಳ್ಳಗಿನ ದಾರದ ಮೇಲೆ ನಿಂತಿದೆ ನಮ್ಮ ನೀರು. "ಬೋರ್ ಹಾಕಿಸ್ತೇವೆ ಸರ್" ಅಂತ ಬಿಲ್ಡರ್ ಕಡೆಯವರು ಸುಲಭವಾಗಿ ಹೇಳಿಬಿಟ್ಟರು. ಅಷ್ಟು ಆಳದ ಬೋರುಗಳು ಅಲ್ಲಿ ಬಿದ್ದರೆ ಪಕ್ಕದ ಮನೆಗಳ ಹಳೇ ಬೋರು ಬತ್ತುತ್ತವೆ ಅಂತ ಹೇಳಲು ಜಿಯಾಲಜಿ ಓದಬೇಕಾಗಿಲ್ಲ. ನಮ್ಮ ದೊಡ್ಡಮ್ಮ ಸಭೆಯಲ್ಲಿ ಅದನ್ನೇ ಕೇಳಿದರು: "ನನ್ನ ಬೋರ್ ಬತ್ತಿದ್ರ ನೀವು ಕೊಡ ತಂದು ತುಂಬ್ತೀರೇನಪ್ಪ?" ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ.

ನನಗೆ ಸಿಟ್ಟು ಬಂದಿದ್ದು ಯಾವುದಕ್ಕೆ ಗೊತ್ತಾ? 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. 2006ರಿಂದ ಆ ನಿಯಮ ಇದೆ. ಆದರೆ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ ಅಂತ ಅದೇ ನಿಯಮದಲ್ಲಿ ವಿನಾಯಿತಿಯೂ ಇದೆ. ಗಣಿಗೆ ಜನರನ್ನು ಕೇಳಬೇಕು, ಕಾರ್ಖಾನೆಗೆ ಕೇಳಬೇಕು, ಮನೆ ಬಾಗಿಲಲ್ಲಿ ಏಳುವ ಇಷ್ಟು ದೊಡ್ಡ ಕಟ್ಟಡಕ್ಕೆ ಕೇಳಬೇಕಾಗಿಲ್ಲ. ಶಾಲೆಯಲ್ಲಿ ಆದ ಸಭೆ ಅವರಾಗಿಯೇ ಕರೆದದ್ದು. ಅಲ್ಲಿ ನಾವು ಆಡಿದ ಮಾತು ಯಾವ ಫೈಲಿಗೂ ಸೇರಿಲ್ಲ.

ಒಂದು ಬಾಗಿಲು ಮಾತ್ರ ತೆರೆದಿದೆ. ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಕೈಗಾರಿಕೆಗೆ ಅಂತ ಇದೆ. ಅದನ್ನು ಬದಲಾಯಿಸಬೇಕಾದರೆ 1961ರ ನಗರ ಯೋಜನೆ ಕಾಯ್ದೆ ಪ್ರಕಾರ ಪೇಪರ್‌ನಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಪ್ರಕಟಣೆ ಈ ವಾರ ಬಂದಿದೆ. ಬರೆದು ಕೊಟ್ಟರೆ ಪ್ರಾಧಿಕಾರದವರು ದಾಖಲೆಗೆ ತೆಗೆದುಕೊಳ್ಳಲೇಬೇಕು.

ನಾವು "ಬೇಡ" ಅಂತ ಬರೆಯುತ್ತಿಲ್ಲ. ಓಣಿ ಕಡೆಯ ಉದ್ದಕ್ಕೂ ಬೀದಿಗೆ ಬಾಗಿಲು ತೆರೆಯುವ ಸಣ್ಣ ಅಂಗಡಿಗಳು ಬೇಕು ಅಂತ ಬರೆದಿದ್ದೇವೆ. ಅವುಗಳಲ್ಲಿ ಮೊದಲ ಪಾಲು ಈಗ ಅಲ್ಲಿ ವ್ಯಾಪಾರ ಮಾಡುವವರಿಗೆ, ಅವರಿಗೆ ಕೈಗೆಟಕುವ ಬಾಡಿಗೆಗೆ. ನೆರಳಿಗೆ ಗೋಡೆಯ ಬದಲು ಮರದ ಸಾಲು, ಕೆಳಗೆ ಕೂರಲು ಕಟ್ಟೆ. ಕೊಳಚೆ ನೀರನ್ನು ಒಳಗೇ ಶುದ್ಧ ಮಾಡಿ ಫ್ಲಶ್‌ಗೆ, ಗಿಡಕ್ಕೆ ಬಳಸಬೇಕು. ಮಳೆ ನೀರು ಹಿಡಿಯಬೇಕು. ನೀರು ಎಲ್ಲಿಂದ ತರುತ್ತಾರೆ ಅನ್ನುವುದು ಕಾಗದದ ಮೇಲೆ ಬರುವವರೆಗೆ ಅನುಮತಿ ಕೊಡಬಾರದು. ಮೇಷ್ಟ್ರಿಗಾಗಿ ಎತ್ತರ ಇಳಿಸಿ ಅಂತಲೂ ಸೇರಿಸಿದೆವು. ಸಿಗುತ್ತದೆ ಅನ್ನುವ ಭರವಸೆ ನನಗೆ ಅಷ್ಟಿಲ್ಲ, ಆದರೆ ಅವರ ಮಾತು ಕಾಗದದಲ್ಲಿ ಇರಬೇಕು ಅನ್ನಿಸಿತು.

ಆ ನರ್ಸ್ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಈಗಲೇ ಬುಕಿಂಗ್ ದುಡ್ಡು ಕೊಟ್ಟರೆ ರೇಟು ಕಮ್ಮಿ ಅಂತ ಯಾರೋ ಏಜೆಂಟ್ ಅವಳ ಬೆನ್ನು ಬಿದ್ದಿದ್ದ. ರೇರಾ, ಅಂದರೆ ಮನೆ ಕಟ್ಟಿ ಮಾರುವ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರದಲ್ಲಿ ನೋಂದಣಿ ಆಗುವ ಮೊದಲು ಒಂದು ಪೈಸೆಯೂ ಕೊಡಬೇಡಮ್ಮ ಅಂತ ಹೇಳಿದೆ. 2016ರ ಆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಜಾಹೀರಾತು ಕೊಡುವ ಹಾಗೂ ಇಲ್ಲ, ಬುಕಿಂಗ್ ಮಾಡುವ ಹಾಗೂ ಇಲ್ಲ. ಕರಾರು ಪತ್ರ ರಿಜಿಸ್ಟರ್ ಆಗುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕೊಂಡವರಿಂದ ಬಂದ ದುಡ್ಡಿನಲ್ಲಿ ನೂರಕ್ಕೆ ಎಪ್ಪತ್ತು ಬೇರೆ ಖಾತೆಯಲ್ಲಿಟ್ಟು ಅದೇ ಜಾಗ, ಅದೇ ಕಟ್ಟಡಕ್ಕೇ ಖರ್ಚು ಮಾಡಬೇಕು. ಅವಳು ಎಲ್ಲಾ ಬರೆದುಕೊಂಡಳು. ಆಮೇಲೆ ನಮ್ಮ ಆಕ್ಷೇಪಣೆ ಪತ್ರ ಓದಿ ಸಹಿಯೂ ಹಾಕಿದಳು. "ನನಗ ಮನೆನೂ ಬೇಕು, ನೀರೂ ಬೇಕು" ಅಂದಳು. ಸಹಿ ಹಾಕಿದವರಲ್ಲಿ ಅವಳದೇ ನನಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟಿದ್ದು.

ಬೆಂಗಳೂರಿಗೆ ಬಂದಾಗ ನೀನೇ ನನ್ನನ್ನು ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದ ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಹೊರಗೆ ಬಂದು ಎಂಟನೇ ಕ್ರಾಸ್‌ನಲ್ಲಿ ಹೂವು, ಹಣ್ಣು, ಗಲಾಟೆ ನಡುವೆ ನಡೆದಾಗ ನಿನಗೆ ಹೇಳಿದ್ದೆ, ಊರು ಸಿಕ್ಕಿದ್ದು ಇಲ್ಲಿ ಅಂತ. ನಮ್ಮ ಓಣಿಗೆ ನಾನು ಕೇಳುತ್ತಿರುವುದು ಅದನ್ನೇ.

ಈಗ ನಿನ್ನಿಂದ ಆಗಬೇಕಾದ ಕೆಲಸ. ನಿಮ್ಮ ಮನೆ ಮುಂದೆ ಒಬ್ಬ ಬ್ರೋಕರ್ ನಿಂತು ಫೋಟೊ ತೆಗೆದುಕೊಂಡು ಹೋಗಿದ್ದಾನೆ. ನಿನಗೆ ಫೋನ್ ಬಂದೇ ಬರುತ್ತದೆ. ಈ ಅರ್ಜಿ ಇತ್ಯರ್ಥ ಆಗುವವರೆಗೆ ಯಾವ ಮಾತನ್ನೂ ಕೊಡಬೇಡ, ಅಡ್ವಾನ್ಸ್ ಮುಟ್ಟಬೇಡ. ನಿಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಟೈಲರ್ ಹೆದರಿಕೊಂಡಿದ್ದಾನೆ, ಅವನಿಗೆ ಒಂದು ಫೋನ್ ಮಾಡು. ಮನೆ ಮಾಲೀಕನಾಗಿ ನಿನ್ನ ಸಹಿ ಬೇಕು. ಆಕ್ಷೇಪಣೆ ಪತ್ರ ವಾಟ್ಸಾಪ್‌ಗೆ ಕಳಿಸಿದ್ದೇನೆ. ಸಹಿ ಹಾಕಿ, ಮನೆ ತೆರಿಗೆ ರಸೀದಿಯ ಜೆರಾಕ್ಸ್ ಜೊತೆ ಶುಕ್ರವಾರದೊಳಗೆ ಕೊರಿಯರ್ ಮಾಡು. ಅದರ ಜೊತೆ ಅವರ ಡ್ರಾಯಿಂಗ್ ಫೋಟೊಗಳೂ ಇವೆ. ಒಳಚರಂಡಿ ಲೈನನ್ನು ನಮ್ಮ ಓಣಿಯ ಹಳೇ ಪೈಪಿಗೇ ಸೇರಿಸಿದ ಹಾಗೆ ನನಗೆ ಕಾಣುತ್ತಿದೆ. ಮೂರನೇ ಹಾಳೆ ಸರಿಯಾಗಿ ನೋಡಿ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಹಳೇ ಓಣಿಯ ಗೆಳೆಯ