ಕಾಫಿಯ ಗುರುತು ಕಳೆದುಹೋಗುವುದು ತಕ್ಕಡಿಯ ಬಳಿ: ಕೇಂದ್ರ ವಾಣಿಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ (ಹಲವರ ಬಳಿ ಒಂದೇ ಪ್ರತಿಯಿರುವ ಡಿಜಿಟಲ್ ದಾಖಲೆ ಪುಸ್ತಕ) ಆಧಾರಿತ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಈಗ ಯುರೋಪ್ ಒಕ್ಕೂಟದ ಅರಣ್ಯನಾಶ ತಡೆ ಕಾನೂನು, ಕಾಫಿ ಬೆಳೆದ ಜಾಗ ತೋರಿಸಿ, 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ಕಡಿದಿಲ್ಲವೆಂದು ಸಾಬೀತುಪಡಿಸಿ ಎನ್ನುತ್ತಿದೆ. ಇದಕ್ಕೆ ಬ್ಲಾಕ್‌ಚೈನ್ ಖಂಡಿತ ಒದಗುತ್ತದೆ. ಆದರೆ ಬರೆದದ್ದನ್ನು ಆಮೇಲೆ ಯಾರೂ ಗುಟ್ಟಾಗಿ ತಿದ್ದದಂತೆ ಕಾಯುವುದಷ್ಟೇ ಅದರ ಕೆಲಸ. ಮೊದಲೇ ಸುಳ್ಳು ಬರೆದಿದ್ದರೆ ಆ ಸುಳ್ಳೂ ಅಷ್ಟೇ ಭದ್ರ.

ಸಣ್ಣ ಬೆಳೆಗಾರರು ಕಣದಲ್ಲಿ ಒಣಗಿಸಿದ ಐದಾರು ಮೂಟೆ ರೋಬಸ್ಟಾ ಚೆರ್ರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಹಣ್ಣನ್ನು) ಊರಿನ ವ್ಯಾಪಾರಿಗೆ ಹಾಕುತ್ತಾರೆ. ಗೋದಾಮಿನಲ್ಲಿ ಹತ್ತು ತೋಟದ ಕಾಫಿ ಒಂದೇ ರಾಶಿಯಾಗುತ್ತದೆ. ಮೂಲ ಗೊತ್ತಿಲ್ಲದ ಸರಕನ್ನು ಬೆರೆಸಲು ಯುರೋಪಿನ ನಿಯಮ ಒಪ್ಪುವುದಿಲ್ಲ; ಒಂದು ಮೂಟೆ ಸೇರಿದರೂ ಇಡೀ ಲಾಟ್‌ಗೆ (ಒಟ್ಟಾಗಿ ಮಾರುವ ರಾಶಿಗೆ) ಕುತ್ತು.

ಹಾಗಾಗಿ ದಾಖಲೆ ತೂಗುವಾಗಲೇ ಆಗಬೇಕು: ತೋಟದ ಸಂಖ್ಯೆ, ತೂಕ, ತೇವಾಂಶ, ಜೊತೆಗೆ ಮಾರಿದವರು ಮತ್ತು ಕೊಂಡವರು ಇಬ್ಬರ ಒಪ್ಪಿಗೆ. ಸಿಗ್ನಲ್ ಸಿಗದ ಮಲೆನಾಡಿನಲ್ಲಿ ಅದು ಫೋನಿನಲ್ಲೇ ಉಳಿದು, ಆಮೇಲೆ ಸೇರುವಂತಿರಲಿ. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಜಿಪಿಎಸ್ ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಗಡಿಯ ನಕ್ಷೆ ಬೇಕು. ರಾಶಿ ಬೆರೆಸಿದರೆ ಹೊಸ ಲಾಟ್ ಸಂಖ್ಯೆ ಹುಟ್ಟಬೇಕು. ಯಾವ ತೋಟದ್ದು ಎಷ್ಟು ಕಿಲೋ ಎಂಬುದು ಅದರೊಳಗಿರಬೇಕು.

ಕಳ್ಳಲೆಕ್ಕ ಹಿಡಿಯುವ ಸಾಧನ ಕಾಫಿ ವ್ಯಾಪಾರದಲ್ಲಿ ಹಿಂದಿನಿಂದಲೂ ಇದೆ, ಅದೇ ಔಟ್‌ಟರ್ನ್, ಅಂದರೆ ಇಷ್ಟು ಕಾಫಿಗೆ ಇಷ್ಟು ಬೀಜ ಸಿಗುತ್ತದೆಂಬ ಲೆಕ್ಕ. 50 ಕೆ.ಜಿ. ರೋಬಸ್ಟಾ ಚೆರ್ರಿಗೆ ಸುಮಾರು 26 ಕೆ.ಜಿ. ಬೀಜ, 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ತೆಳು ಹೊಟ್ಟು ಉಳಿದ ಕಾಫಿಗೆ) ಸುಮಾರು 40 ಕೆ.ಜಿ. ಬೀಜ ಬರುತ್ತದೆ. ಸಿಪ್ಪೆ, ಹೊಟ್ಟು ತೆಗೆದು ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ 1,000 ಕೆ.ಜಿ. ರೋಬಸ್ಟಾ ಚೆರ್ರಿ ಹೋಗಿ 600 ಕೆ.ಜಿ. ಬೀಜ ಹೊರಬಂತೆಂದರೆ ಹೊರಗಿನ ಕಾಫಿ ಸೇರಿದೆ ಎಂದೇ ಅನುಮಾನಿಸಬೇಕು. ಅಂಥ ಲಾಟನ್ನು ವ್ಯವಸ್ಥೆ ತಾನಾಗಿಯೇ ತಡೆಹಿಡಿಯಲಿ. ಈ ನಿಯಮವಿಲ್ಲದೆ ಪೊಟ್ಟಣದ ಮೇಲೆ ಕ್ಯುಆರ್ ಕೋಡ್ ಅಂಟಿಸುವುದು ಬರೀ ಅಲಂಕಾರ.

ದಾಖಲೆಯ ಪ್ರತಿ ಮಂಡಳಿಯೊಂದರಲ್ಲೇ ಇರುವುದಾದರೆ ಸಾಮಾನ್ಯ ಡೇಟಾಬೇಸ್ ಸಾಕು, ಬ್ಲಾಕ್‌ಚೈನ್ ಖರ್ಚೇ ಬೇಡ. ಬೆಳೆಗಾರರ ಸಹಕಾರ ಸಂಘ, ಕ್ಯೂರಿಂಗ್ ವರ್ಕ್ಸ್, ರಫ್ತುದಾರರು ಎಲ್ಲರಲ್ಲೂ ಪ್ರತಿ ಇರಲಿ. ದರ ಮಾತ್ರ ಮಾರಿದವರಿಗೂ ಕೊಂಡವರಿಗೂ ಬಿಟ್ಟು ಬೇರೆಯವರಿಗೆ ಕಾಣಬಾರದು. ಕಂಡರೆ ಯಾರೂ ನಿಜ ಬರೆಯುವುದಿಲ್ಲ. ಬರೆಯುವಾಗ ಆದ ತಪ್ಪನ್ನು ಅಳಿಸಲಾಗದು. ಇಬ್ಬರ ಒಪ್ಪಿಗೆಯಿಂದ ತಿದ್ದುಪಡಿ ಸೇರಿಸುವ ದಾರಿ ಇರಬೇಕು.

ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾಗುತ್ತದೆ. ಅಷ್ಟರೊಳಗೆ ಸಣ್ಣ ತೋಟಗಳ ಗುರುತು ಹಾಕುವ ಕೆಲಸವನ್ನು ಮಂಡಳಿಯ ಖರ್ಚಿನಲ್ಲೇ ಮುಗಿಸಲು ಆದೇಶಿಸಬೇಕೆಂದು ಕೋರುತ್ತೇವೆ.

ಇಂತಿ,
ಕಾಫಿ ಬೆಳೆ ಮತ್ತು ಸಂಸ್ಕರಣೆಯ ಕೆಲಸದಲ್ಲಿರುವವರು