ಕೆಮ್ಮಿನ ಬಗ್ಗೆ ನಿನಗೆ ಬರೆಯಲೇಬೇಕಿತ್ತು

ಪ್ರೀತಿಯ ಗೆಳೆಯಾ,

ನೀನು ಬರೆದದ್ದನ್ನು ಓದಿದೆ. ಹಾರ್ಟ್ ಪಂಪಿಂಗ್ ಕಡಿಮೆ ಅಂತ ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಬಂದಿದೆ, ಮಾತ್ರೆ ತಪ್ಪಿಸುತ್ತಿಲ್ಲ, ಆದರೂ ಕಫದ ಕೆಮ್ಮು ಬಿಡುತ್ತಿಲ್ಲ. "ಇದು ಹಾರ್ಟಿಂದ ಬರ್ತಿರೋ ಕೆಮ್ಮಾ, ಇಲ್ಲಾ ಬೇರೆ ಏನಾದ್ರೂನಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ಎರಡು ಮಾತಿಗೊಮ್ಮೆ ಕೆಮ್ಮಲು ನಿಲ್ಲಬೇಕು. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಾಗೆ ಹಾರ್ಟಿನ ತೊಂದರೆ, ಕಫದ ಕೆಮ್ಮು ಎರಡನ್ನೂ ಹೊತ್ತು ಬದುಕುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೂ ಸಿಗಲಿ ಅಂತ, ನಿನ್ನ ಹೆಸರು ಬಿಟ್ಟು, ಎಲ್ಲರೂ ಓದುವಲ್ಲಿ ಹಾಕುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ: ಎರಡೂ ಇರಬಹುದು. ನನಗೆ ಎರಡೂ ಇವೆ. ಹೃದಯ ದುರ್ಬಲ. ಅದರ ಜೊತೆ ಶ್ವಾಸಕೋಶದ ಗಾಳಿನಾಳಗಳು ಒಂದು ಕಡೆ ಹಿಗ್ಗಿಹೋಗಿವೆ, ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಯಿತು. ಬ್ರಾಂಕಿಯೆಕ್ಟಾಸಿಸ್ ಅನ್ನುತ್ತಾರೆ. ಹಿಗ್ಗಿದ ಜಾಗದಲ್ಲಿ ಕಫ ನಿಲ್ಲುತ್ತದೆ, ತಾನಾಗಿ ಮೇಲಕ್ಕೆ ಬರುವುದಿಲ್ಲ. ಸ್ಕ್ಯಾನ್ ಆಗುವವರೆಗೆ ಪ್ರತಿ ಕೆಮ್ಮೂ ಹಾರ್ಟಿನ ತಲೆಗೇ ಕಟ್ಟಲ್ಪಡುತ್ತಿತ್ತು. ನಿನ್ನ ವಿಷಯದಲ್ಲಿ ಹಾಗಾಗಬಾರದು. ಎಲ್ಲವನ್ನೂ ಶೀತದ ತಲೆಗೆ ಕಟ್ಟುವುದೂ ಅಷ್ಟೇ ಕೆಟ್ಟದ್ದು.

ಹೃದಯದಿಂದ ಕೆಮ್ಮು ಹೇಗೆ ಬರುತ್ತದೆ ಅಂತ ನನಗೆ ಒಬ್ಬ ಡಾಕ್ಟರು ಸಾವಧಾನವಾಗಿ ವಿವರಿಸಿದರು. ಅದು ಗೊತ್ತಾದ ಮೇಲೆ ನನ್ನ ಭಯ ಅರ್ಧ ಇಳಿಯಿತು. ಶ್ವಾಸಕೋಶದಿಂದ ಬಂದ ರಕ್ತವನ್ನು ಮೈಗೆಲ್ಲ ತಳ್ಳುವುದು ಹೃದಯದ ಎಡಭಾಗದ ಕೆಲಸ. ಅದು ಸೋತಾಗ ರಕ್ತ ಹಿಂದಕ್ಕೆ ಒತ್ತುತ್ತದೆ. ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಏರಿ, ನೀರಿನಂಶ ಗಾಳಿಚೀಲಗಳ ಕಡೆ ಜಿನುಗುತ್ತದೆ. ಆ ನೀರನ್ನು ಹೊರಹಾಕಲು ಮೈ ಕೆಮ್ಮುತ್ತದೆ. ಹಗಲೆಲ್ಲ ಕಾಲಿನಲ್ಲಿ ಇಳಿದಿದ್ದ ನೀರು ಮಲಗಿದಾಗ ರಕ್ತಕ್ಕೆ ವಾಪಸ್ ಸೇರುತ್ತದೆ, ಎದೆಯ ಮೇಲೆ ಭಾರ ಜಾಸ್ತಿಯಾಗುತ್ತದೆ. ಅದಕ್ಕೇ ಅಂಗಾತ ಮಲಗಿದರೆ ಕೆಮ್ಮು, ಎದ್ದು ಕೂತರೆ ಸ್ವಲ್ಪ ಸಮಾಧಾನ. ನಿದ್ದೆ ಹತ್ತಿ ಒಂದೆರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದೂ ಇದರಿಂದಲೇ.

ಇದನ್ನು ತಿಳಿದುಕೊಂಡ ಮೇಲೆ ನಾನು ಕೆಮ್ಮನ್ನು ಗಮನಿಸಲು ಶುರುಮಾಡಿದೆ. ನನ್ನಲ್ಲಿ ಬೆಳಗಿನ ಕೆಮ್ಮು ಬೇರೆ, ರಾತ್ರಿಯ ಕೆಮ್ಮು ಬೇರೆ. ಬೆಳಗ್ಗೆ ಬರುವುದು ಗಟ್ಟಿ ಕಫ, ಹಳದಿಗೆ ತಿರುಗಿರುತ್ತದೆ. ಕಿತ್ತು ಬಂದ ಮೇಲೆ ಎದೆ ಹಗುರಾಗುತ್ತದೆ. ಅದು ಹಿಗ್ಗಿದ ಗಾಳಿನಾಳಗಳ ಕೆಲಸ. ರಾತ್ರಿಯದು ತೆಳು, ಬಿಳಿ, ನೊರೆನೊರೆ. ಎಷ್ಟು ಕೆಮ್ಮಿದರೂ ಹಗುರವಾಗುವುದಿಲ್ಲ, ದಿಂಬು ಏರಿಸಿದರೆ ಮಾತ್ರ ತಗ್ಗುತ್ತದೆ. ಅದು ಬಂದ ದಿನಗಳಲ್ಲಿ ಕಾಲು ನೋಡಿದರೆ ಕಾಲ್ಚೀಲದ ಗೆರೆ ಆಳವಾಗಿ ಕೂತಿರುತ್ತದೆ. ಇಬ್ಬರಲ್ಲೂ ಒಂದೇ ಥರ ಇರಬೇಕಾಗಿಲ್ಲ. ಕಫದ ಬಣ್ಣ ನೋಡಿ ಸೋಂಕು ಇದೆ, ಇಲ್ಲ ಅಂತ ತೀರ್ಮಾನ ಮಾಡಲೂ ಆಗುವುದಿಲ್ಲ. ಆದರೆ ಯಾವಾಗ ಬರುತ್ತದೆ, ಮಲಗಿದಾಗ ಹೆಚ್ಚೋ ಕೂತಾಗ ಹೆಚ್ಚೋ, ಕಫ ಎಷ್ಟು, ಹೇಗಿದೆ ಅಂತ ಬರೆದಿಟ್ಟುಕೊಂಡು ಹೋದರೆ ಡಾಕ್ಟರಿಗೆ ಸಿಗುವ ಸುಳಿವು ದೊಡ್ಡದು. "ಕೆಮ್ಮು ಇದೆ ಸರ್" ಅಂದರೆ ಅವರಾದರೂ ಏನು ಮಾಡಬೇಕು?

ನೀನು ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಕಳಿಸಿಲ್ಲ. ಅದರಲ್ಲಿ ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ 'ಪ್ರಿಲ್' ಅಂತ ಮುಗಿಯುವುದು ಯಾವುದಾದರೂ ಇದೆಯಾ ನೋಡು. ಹೃದಯಕ್ಕೆ ಬಹಳ ಒಳ್ಳೆಯ ಮಾತ್ರೆಗಳು ಅವು. ಆದರೆ ಬ್ರಾಡಿಕೈನಿನ್ ಅನ್ನುವ ಒಂದು ವಸ್ತು ಮೈಯಲ್ಲಿ ಕರಗದೆ ಉಳಿಯುವುದರಿಂದ ಕೆಲವರಿಗೆ ಗಂಟಲಲ್ಲಿ ಕೆರೆತ, ಬಿಡದ ಕೆಮ್ಮು ಬರುತ್ತದೆ. ಅದು ಒಣ ಕೆಮ್ಮು, ನಿನ್ನದು ಕಫದ್ದು. ಆದರೂ ಕಫದ ಕೆಮ್ಮಿನ ಮೇಲೆ ಇದೂ ಸೇರಿಕೊಂಡಿರಬಹುದು ಅಲ್ವಾ? ಮಾತ್ರೆ ಬದಲಾಯಿಸಿದರೆ ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ ಹೋಗುತ್ತದೆ, ಕೆಲವರಿಗೆ 3 ತಿಂಗಳೂ ಹಿಡಿಯುತ್ತದೆ. ಬದಲಿಗೆ ಲೊಸಾರ್ಟಾನ್, ವಾಲ್ಸಾರ್ಟಾನ್ ಥರದ್ದು ಕೊಡುತ್ತಾರೆ. ದಯವಿಟ್ಟು ನೀನೇ ನಿಲ್ಲಿಸಬೇಡ. 'ಪ್ರಿಲ್' ಮಾತ್ರೆಯಿಂದ ಸಾಕ್ಯುಬಿಟ್ರಿಲ್ ಬೆರೆತ ಹೊಸ ಮಾತ್ರೆಗೆ ಬದಲಾಯಿಸುವುದಾದರೆ ಎರಡರ ನಡುವೆ 36 ಗಂಟೆ ಬಿಡಲೇಬೇಕು, ಇಲ್ಲದಿದ್ದರೆ ಮುಖ, ನಾಲಿಗೆ, ಗಂಟಲು ಊದಿಕೊಳ್ಳುವ ಅಪಾಯವಿದೆ. ಹಾಗಾಗಿ ಇದನ್ನು ಡಾಕ್ಟರ್ ಎದುರಿಗೇ ಮಾಡಬೇಕು. ಇನ್ನು ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ಮಾತ್ರೆ ತಗೊಳ್ಳುವವರಿಗೆ ಹೊಸದಾಗಿ ಕೆಮ್ಮು, ಏದುಸಿರು ಬಂದರೆ ತಡಮಾಡದೆ ಹೇಳಬೇಕು. ಅದು ಶ್ವಾಸಕೋಶಕ್ಕೇ ತೊಂದರೆ ಕೊಡಬಲ್ಲದು.

ಕೆಮ್ಮಿನ ಸಿರಪ್ ಕುಡಿಯುತ್ತಿದ್ದೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಆತಂಕವಾಯಿತು. ಶೀತ, ಕೆಮ್ಮು ಎರಡಕ್ಕೂ ಅಂತ ಸಿಗುವ ಔಷಧಿಗಳಲ್ಲಿ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲ್‌ಎಫ್ರಿನ್ ಇರಬಹುದು. ಮೂಗು ಬಿಡಿಸಲೆಂದು ಅವನ್ನು ಹಾಕಿರುತ್ತಾರೆ, ಆದರೆ ಅವು ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಏರಿಸುತ್ತವೆ. ನಮ್ಮಂಥವರಿಗೆ ಅದು ಬೇಡವೇ ಬೇಡ. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತದೆ ಅಂತ ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗುವುದೂ ಬೇಡ. ಅವು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ, ನೀರು ಇಳಿಸುವ ಮಾತ್ರೆಯ ಕೆಲಸ ಕೆಡಿಸುತ್ತವೆ. ನೀರಿನಲ್ಲಿ ಬುಸ್ಸಂತ ಕರಗುವ ಮಾತ್ರೆಗಳಲ್ಲಿ ಸೋಡಿಯಂ ಜಾಸ್ತಿ. ಕೆಮ್ಮು ಅಡಗಿಸುವ ಸಿರಪ್ ಕುಡಿದರೆ ಕೆಮ್ಮು ನಿಲ್ಲಬಹುದು, ಕಫ ಮಾತ್ರ ಒಳಗೇ ಉಳಿಯುತ್ತದೆ. ಸೋಂಕಿಗೆ ಕೊಡುವ ಕೆಲವು ಆಂಟಿಬಯೋಟಿಕ್‌ಗಳು ಹೃದಯದ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಕ್ಲಾರಿಥ್ರೊಮೈಸಿನ್ ತಗೊಂಡರೆ ರಕ್ತದಲ್ಲಿ ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆಯ ಪ್ರಮಾಣ ಏರುತ್ತದೆ. ಯಾರು ಏನು ಬರೆದುಕೊಟ್ಟರೂ ಹಾರ್ಟಿನ ಚೀಟಿ ತೋರಿಸಿಯೇ ತಗೋ.

ನಮ್ಮಿಬ್ಬರಿಗೂ ನಿಜವಾಗಿ ಕಷ್ಟ ಇರುವುದು ನೀರಿನ ವಿಷಯದಲ್ಲಿ. ಕಫಕ್ಕೆ "ಚೆನ್ನಾಗಿ ನೀರು ಕುಡಿ" ಅನ್ನುತ್ತಾರೆ. ಹಾರ್ಟಿಗೆ "ನೀರು ಕಮ್ಮಿ ಮಾಡು" ಅನ್ನುತ್ತಾರೆ. ಒಬ್ಬರ ಮಾತು ಕೇಳಿದರೆ ಕಾಲು ಊದುತ್ತದೆ, ಇನ್ನೊಬ್ಬರ ಮಾತು ಕೇಳಿದರೆ ಕಫ ಅಂಟಂಟಾಗಿ ಕಿತ್ತು ಬರುವುದೇ ಇಲ್ಲ. ನನಗೆ ಈ ಗೊಂದಲ ಬಹಳ ಕಾಲ ಕಾಡಿತು. ಕೊನೆಗೆ ಇಬ್ಬರು ಡಾಕ್ಟರುಗಳಿಗೂ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತೋರಿಸಿ, ದಿನಕ್ಕೆ ಇಷ್ಟು ಅಂತ ಒಂದೇ ಅಳತೆ ಬರೆಸಿಕೊಂಡೆ. ಹಾರ್ಟ್ ತೀರಾ ಸೋತವರಿಗೆ ಒಂದೂವರೆಯಿಂದ ಎರಡು ಲೀಟರ್ ಒಳಗೆ ಅಂತ ಹೇಳುವುದುಂಟು, ಆದರೆ ಎಲ್ಲರಿಗೂ ಆ ಮಿತಿ ಬೇಕಾಗಿಲ್ಲ. ನಿನ್ನ ಅಳತೆ ನೀನು ಕೇಳಿ ತಿಳಿದುಕೊಳ್ಳಬೇಕು. ನಾನು ಅಷ್ಟನ್ನೇ ದಿನವಿಡೀ ಗುಟುಕು ಗುಟುಕಾಗಿ ಹಂಚಿಕೊಳ್ಳುತ್ತೇನೆ, ಸಂಜೆಯ ಮೇಲೆ ಕಡಿಮೆ.

ಕಫ ತೆಗೆಯುವುದಕ್ಕೂ ಇದೇ ಥರದ ತೊಡಕಿದೆ. ತಲೆ ಕೆಳಗೆ, ಸೊಂಟ ಮೇಲೆ ಮಾಡಿ ಮಲಗಿಸಿ ಕಫ ಇಳಿಸುವ ಒಂದು ವಿಧಾನ ಇದೆ. ಹೃದಯ ಸೋತವರಿಗೆ ಅದು ಸಲ್ಲದು, ಉಸಿರು ಇನ್ನೂ ಕಟ್ಟುತ್ತದೆ. ಯಾರಾದರೂ ಹೇಳಿದರೆ ಹಾರ್ಟಿನ ವಿಷಯ ಮೊದಲು ತಿಳಿಸು. ನನಗೆ ಫಿಸಿಯೋಥೆರಪಿಸ್ಟ್ ಕಲಿಸಿದ್ದು ಕೂತೇ ಮಾಡುವಂಥದ್ದು. ಬೆನ್ನು ನೆಟ್ಟಗೆ, ಭುಜ ಸಡಿಲ. ಕೆಲವು ಸಲ ಮೆಲ್ಲಗೆ ಉಸಿರಾಟ. ಆಮೇಲೆ ಮೂರ್ನಾಲ್ಕು ಸಲ ಆಳವಾಗಿ ಎಳೆದು, ಒಂದು ಕ್ಷಣ ಹಿಡಿದು, ಬಿಡುವುದು. ಮತ್ತೆ ಸುಮ್ನೆ ಉಸಿರಾಟ. ಕೊನೆಗೆ ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಹಿಡಿಸುವ ಹಾಗೆ 'ಹಾ' ಅಂತ ಉಸಿರನ್ನು ಜೋರಾಗಿ ಹೊರದೂಡುವುದು. ಒಂದೆರಡು ಸಲ ಸಾಕು. ಕಫ ಗಂಟಲಿಗೆ ಬಂದ ಮೇಲೆ ಒಂದೇ ಕೆಮ್ಮು. ಇದರಿಂದ ನನಗೆ ಆದ ಉಪಕಾರ ಇಷ್ಟಿಷ್ಟಲ್ಲ. ಮೊದಲೆಲ್ಲ ಸತತವಾಗಿ ಕೆಮ್ಮಿ ಕಣ್ಣು ಕತ್ತಲೆ ಬರುತ್ತಿತ್ತು. ಈಗ ಬೆಳಗ್ಗೆ ಸ್ವಲ್ಪ ಹೊತ್ತು ಕೂತು ಇದನ್ನು ಮುಗಿಸಿದರೆ ಮಧ್ಯಾಹ್ನದವರೆಗೆ ಜನರ ನಡುವೆ ನಿಶ್ಚಿಂತೆಯಿಂದ ಇರಬಹುದು. ನೀನೂ ಒಮ್ಮೆ ಎದುರಿಗೆ ಕೂತು ಕಲಿತುಕೋ. ಓದಿ ಮಾಡುವುದಕ್ಕಿಂತ ಅವರು ತಿದ್ದಿದರೆ ಚೆನ್ನಾಗಿ ಬರುತ್ತದೆ.

ಜನರ ನಡುವೆ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಮದುವೆ ಮನೆಗೆ ಹೋಗುವುದು ಬಿಟ್ಟೆ, ಪಕ್ಕದವರು ಸರಿದು ಕೂರುತ್ತಾರೆ ಅಂತ ಬರೆದಿದ್ದೀಯ. ಓದಿ ಹೊಟ್ಟೆ ಉರಿಯಿತು ಕಣೋ. ಮೊದಲು ಕಫ ಪರೀಕ್ಷೆ ಮಾಡಿಸು. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯ ಇದೆಯಾ ಅಂತ ನೋಡಲೇಬೇಕು, ಹಾರ್ಟ್ ತೊಂದರೆ ಇದ್ದರೂ ಸರಿ. ಅದಿಲ್ಲ ಅಂತಾದರೆ ಮನಸ್ಸಿಗೂ ಧೈರ್ಯ, ಕೇಳಿದವರಿಗೂ ಉತ್ತರ. ಆಮೇಲೆ ಕರವಸ್ತ್ರ, ಟಿಶ್ಯೂ ಇಟ್ಟುಕೊಂಡು ಹೊರಡು. ಕಫ ಬಂದರೆ ಎದ್ದು ಹೋಗಿ ಉಗುಳಿ ಬಾ. ಯಾರೋ ಮುಖ ಸಿಂಡರಿಸುತ್ತಾರೆ ಅಂತ ಕೆಮ್ಮನ್ನು ಕಟ್ಟಿ ಹಿಡಿಯಬೇಡ. ನೀನಿಲ್ಲದ ಮನೆಗಳಲ್ಲಿ ನಿನ್ನನ್ನು ಕೇಳುವವರು ಇದ್ದಾರೆ.

ದಿನಾ ಬೆಳಗ್ಗೆ ತೂಕ ನೋಡುತ್ತೀಯಾ? ಮೂತ್ರ ಮಾಡಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ಥರದ ಬಟ್ಟೆಯಲ್ಲಿ. 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಅದು ನೀರು. ಅದರ ಜೊತೆ ರಾತ್ರಿ ಕೆಮ್ಮು ಹೆಚ್ಚಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾದ ಲಸಿಕೆಯ ಬಗ್ಗೆಯೂ ಕೇಳು. ಸಿಗರೇಟು ಬಿಟ್ಟಿದ್ದೀಯ ಅಂತ ನಂಬಿದ್ದೇನೆ.

ಇದೊಂದನ್ನು ಮನೆಯವರಿಗೂ ಓದಿ ಹೇಳು. ಕಫ ಗುಲಾಬಿ ಬಣ್ಣದ ನೊರೆಯಾಗಿ ಬಂದರೆ, ರಕ್ತ ಕಂಡರೆ, ಕೂತಲ್ಲೇ ಉಸಿರು ಸಿಗದಿದ್ದರೆ, ತುಟಿ ನೀಲಿಯಾದರೆ, ಎದೆ ಹಿಂಡಿದಂತಾದರೆ, ಕೆಮ್ಮುತ್ತಾ ಎಚ್ಚರ ತಪ್ಪಿದರೆ, ಬೆಳಗಾಗಲಿ ಅಂತ ಕಾಯುವುದು ಬೇಡ. ಆ ಹೊತ್ತಿಗೆ ಆಂಬುಲೆನ್ಸ್ ಕರೆಯಬೇಕು, ನನಗೆ ಆಮೇಲೆ ತಿಳಿಸಿದರೆ ಸಾಕು.

ನಿನ್ನ ಮುಂದಿನ ಅಪಾಯಿಂಟ್‌ಮೆಂಟ್ ಯಾವತ್ತು? ದಿನಾಂಕ ಹೇಳು, ನಾನೂ ಬರುತ್ತೇನೆ. ಎಕೋ ರಿಪೋರ್ಟು, ಎದೆಯ ಎಕ್ಸ್‌ರೇ, ಮಾತ್ರೆಗಳ ಚೀಟಿ, ಕುಡಿಯುತ್ತಿರುವ ಆ ಸಿರಪ್ ಬಾಟಲಿ, ಎಲ್ಲ ಒಂದು ಚೀಲದಲ್ಲಿ ಹಾಕಿಡು. ಇವತ್ತು ರಾತ್ರಿಯೇ ಮಾತ್ರೆಗಳ ಹೆಸರು ಬರೆದು ಕಳಿಸು.

ನಿನ್ನವನೇ,
ಗೆಳೆಯ